ಹತ್ತು ಜನರಿಲ್ಲದ ಅಂಗಡಿಯಲ್ಲಿ ಕಿರುಕುಳವಾದರೆ ದೂರು ಯಾರಿಗೆ? ಕನ್ನಡದಲ್ಲಿ ಬರೆದು ಕೊಟ್ಟರೆ ನಡೆಯುತ್ತದೆಯೇ?

ಮುಳ್ಳೇರಿಯದ ಮಾವ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳು ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಕೆಲಸದವರು ಏಳೇ ಮಂದಿ. ಮಾಲಕರ ಭಾವನೊಬ್ಬ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಸೀರೆಯ ಕಟ್ಟುಗಳನ್ನು ಇಡುವ ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು ಒಬ್ಬರು ಹತ್ತುವಷ್ಟು ಮಾತ್ರ ಅಗಲವಾಗಿದೆ. ಇವಳು ಕಟ್ಟು ಹೊತ್ತು ಇಳಿಯುವ ಹೊತ್ತಿಗೇ ಅವನು ಕೆಳಗಿನಿಂದ ಹತ್ತುತ್ತಾನೆ, ದಾರಿ ಬಿಡುವುದಿಲ್ಲ, ಎರಡೂ ಕೈಯಲ್ಲಿ ಹೊರೆ ಇರುವ ಹುಡುಗಿ ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತದೆ. ರಾತ್ರಿ ವಾಟ್ಸಾಪಿನಲ್ಲಿ ಬರುವ ಸಂದೇಶಗಳನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಮಾಲಕರಲ್ಲಿ ಹೇಳಿದ್ದಕ್ಕೆ, ನಾವೆಲ್ಲ ಒಂದೇ ಮನೆಯವರಂತೆ ಇದ್ದೇವೆ, ದೊಡ್ಡದು ಮಾಡಬೇಡ ಎಂಬ ಉತ್ತರ ಸಿಕ್ಕಿತು. ಮರುದಿನದಿಂದ ಅವಳನ್ನು ಗಿರಾಕಿಗಳ ಕಡೆಯಿಂದ ತೆಗೆದು ಪೂರ್ತಿಯಾಗಿ ಮೇಲಿನ ಕೋಣೆಯ ಕೆಲಸಕ್ಕೇ ಹಾಕಿದರು. ಇಂತಹ ಸಣ್ಣ ಅಂಗಡಿಗಳಿಗೆ ಕಿರುಕುಳದ ದೂರು ಕೇಳುವ ಸಮಿತಿಯ ಕಾನೂನು ಅನ್ವಯಿಸುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಅವಳು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತನಾಡುತ್ತಾಳೆ, ಆದರೆ ದೂರು ಬರೆಯುವಷ್ಟು ಬರವಣಿಗೆ ಬರುವುದಿಲ್ಲ. ತಿಳಿದವರು ದಾರಿ ಹೇಳಬೇಕು.

ಹೊಸದುರ್ಗದ ಹುಡುಗ:
ಕೆಲಸ ಬಿಟ್ಟು ಬೇರೆ ಅಂಗಡಿ ನೋಡಿಕೊಳ್ಳುವುದೇ ಒಳ್ಳೆಯದು. ಇಲ್ಲಿ ಯಾವ ಕಾನೂನೂ ನಡೆಯುವುದಿಲ್ಲ.

ವಿದ್ಯಾನಗರದ ವಕೀಲೆ:
ಬಿಡಬೇಕಾದವನು ಅವನು, ಅವಳಲ್ಲ. ಮಾವನವರೇ, ನಿಮಗೆ ಯಾರೋ ಅರ್ಧ ಹೇಳಿ ಕಳುಹಿಸಿದ್ದಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆ ವರ್ಷದ ಡಿಸೆಂಬರ್ 9ರಿಂದ ಜಾರಿಯಲ್ಲಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಮಾಲಕನೇ ಆಂತರಿಕ ಸಮಿತಿ ರಚಿಸಬೇಕು ಎಂಬುದು ಅದರ 4 ಮತ್ತು 6ನೆಯ ಸೆಕ್ಷನ್ನುಗಳನ್ನು ಸೇರಿಸಿ ಓದಿದರೆ ತಿಳಿಯುತ್ತದೆ. ಅದಕ್ಕಿಂತ ಕಡಿಮೆ ಜನರಿರುವ ಕಡೆಯವರಿಗೂ, ಮಾಲಕನ ಮೇಲೆಯೇ ದೂರು ಇರುವವರಿಗೂ 6ನೆಯ ಸೆಕ್ಷನ್ನಿನ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರಬೇಕು. ಅದನ್ನು ರಚಿಸುವ ಹೊಣೆ ಸರ್ಕಾರ ನೇಮಿಸುವ ಜಿಲ್ಲಾ ಅಧಿಕಾರಿಯದು. ಅವರು ಕಲೆಕ್ಟರ್, ಎಡಿಎಂ (ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್) ಅಥವಾ ಡೆಪ್ಯುಟಿ ಕಲೆಕ್ಟರ್ ಆಗಿರುತ್ತಾರೆ. ತಾಲೂಕು ಮತ್ತು ಬ್ಲಾಕ್ ಮಟ್ಟದಲ್ಲಿ ನೋಡಲ್ ಅಧಿಕಾರಿ ಇದ್ದು, ತನಗೆ ಬಂದ ದೂರನ್ನು 7 ದಿನಗಳೊಳಗೆ ಸ್ಥಳೀಯ ಸಮಿತಿಗೆ ಕಳುಹಿಸಬೇಕು.

ಅವಧಿಯನ್ನು ಮಾತ್ರ ಮರೆಯಬೇಡಿ. ಘಟನೆ ನಡೆದ ಮೂರು ತಿಂಗಳೊಳಗೆ, ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕೊಡಲಾಗದ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ ಕಾರಣವನ್ನು ಬರೆದಿಟ್ಟು ಇನ್ನೂ ಮೂರು ತಿಂಗಳ ತನಕ ವಿಸ್ತರಿಸಬಹುದು. ಹಬ್ಬ ಕಳೆಯಲಿ, ಮದುವೆ ಕಳೆಯಲಿ ಎಂದು ಮನೆಯವರು ಮುಂದೂಡುತ್ತಾ ಹೋಗುವುದರಿಂದಲೇ ನಮ್ಮಲ್ಲಿಗೆ ಬರುವ ಎಷ್ಟೋ ಪ್ರಕರಣಗಳು ಹಾಳಾಗಿರುತ್ತವೆ.

ಉಪ್ಪಳದ ವ್ಯಾಪಾರಿ:
ನಾನೂ ಅಂಗಡಿ ನಡೆಸುವವನು, ನನ್ನಲ್ಲಿ ಐದು ಮಂದಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಇಲ್ಲಿ ಹೇಳಿದ ವಿಷಯ ನಿಜವಾಗಿದ್ದರೆ ಆ ಮನುಷ್ಯನಿಗೆ ಶಿಕ್ಷೆಯಾಗಲಿ. ಆದರೆ ಸಂಬಳದ ತಕರಾರಿಗೆ, ರಜೆಯ ತಕರಾರಿಗೆ ಇದೇ ಕಾನೂನನ್ನು ಎತ್ತಿ ತೋರಿಸಿದರೆ ಸಣ್ಣ ವ್ಯಾಪಾರಿಯ ಗತಿ ಏನು? ಐವತ್ತು ಸಾವಿರ ದಂಡ ಎಂದು ಕೇಳಿದ್ದೇನೆ. ನಮ್ಮ ಎಷ್ಟು ದಿನದ ವ್ಯಾಪಾರ ಅದು ಎಂದು ಯಾರಾದರೂ ಯೋಚಿಸಿದ್ದಾರೆಯೇ?

ಪೈವಳಿಕೆಯ ಅಕ್ಕ:
ಅಣ್ಣಾ, ಸಂಬಳದ ತಕರಾರಿಗಾಗಿ ತನ್ನ ಮಾನವನ್ನು ಬೀದಿಯಲ್ಲಿ ಇಡುವ ಹುಡುಗಿಯರು ನಿಮ್ಮ ಉಪ್ಪಳದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಮೊದಲು ಹೇಳಿ.

ವಿದ್ಯಾನಗರದ ವಕೀಲೆ:
ವ್ಯಾಪಾರಿಗಳ ಪ್ರಶ್ನೆಗೆ ಕಾಯ್ದೆಯಲ್ಲಿಯೇ ಉತ್ತರವಿದೆ. ಐವತ್ತು ಸಾವಿರದವರೆಗಿನ ದಂಡ ಇರುವುದು ಸಮಿತಿ ರಚಿಸಬೇಕಾಗಿದ್ದೂ ರಚಿಸದ, ಅಥವಾ ವರದಿಯ ಮೇಲೆ ಕ್ರಮ ಕೈಗೊಳ್ಳದ, ಅಥವಾ ಕಾಯ್ದೆಯ ಇತರ ಕರ್ತವ್ಯಗಳನ್ನು ಮುರಿದ ಮಾಲಕನಿಗೆ. ನಿಮ್ಮಲ್ಲಿ ಕೆಲಸದವರು ಒಟ್ಟು ಐದೇ ಮಂದಿಯಾದರೆ ಸಮಿತಿ ಬೇಡ. ಹಾಗೆಂದು ಸುರಕ್ಷಿತ ವಾತಾವರಣ ಒದಗಿಸುವುದು, ಕಿರುಕುಳದ ಶಿಕ್ಷೆಯ ವಿವರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು, ಆಕೆ ಬಯಸಿದರೆ ಪೊಲೀಸ್ ದೂರು ಕೊಡಲು ನೆರವಾಗುವುದು, ಇವು 19ನೆಯ ಸೆಕ್ಷನ್ನಿನ ಪ್ರಕಾರ ನಿಮ್ಮ ಮೇಲೂ ಇವೆ. ದುರುದ್ದೇಶದ ಸುಳ್ಳು ದೂರಿಗೆ 14ನೆಯ ಸೆಕ್ಷನ್ನಿನಲ್ಲಿ ಕ್ರಮವಿದೆ. ಆದರೆ ಸಾಕ್ಷ್ಯ ಸಾಲದೆ ದೂರು ಬಿದ್ದುಹೋದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ ಎಂಬುದನ್ನೂ ಅದೇ ಸೆಕ್ಷನ್ನು ಬಿಡಿಸಿ ಹೇಳಿದೆ.

ಇನ್ನು ದಂಡಕ್ಕೆ ಹೆದರುವ ಅಗತ್ಯವೇ ಇಲ್ಲ ಎನ್ನುವ ಹಾಗೆ ಕಾಯ್ದೆಯನ್ನು ಹೆಣೆದಿದ್ದಾರೆ, ನನ್ನ ಸಿಟ್ಟು ಇರುವುದು ಅಲ್ಲಿ. ಈ ಅಪರಾಧಗಳು ಪೊಲೀಸರು ತಾವಾಗಿ ಕೈಗೆತ್ತಿಕೊಳ್ಳುವಂಥವಲ್ಲ. ನೊಂದ ಮಹಿಳೆ ಅಥವಾ ಆಂತರಿಕ ಇಲ್ಲವೇ ಸ್ಥಳೀಯ ಸಮಿತಿ ಅಧಿಕಾರ ಕೊಟ್ಟ ವ್ಯಕ್ತಿ ದೂರು ಸಲ್ಲಿಸದ ಹೊರತು ಮ್ಯಾಜಿಸ್ಟ್ರೇಟ್ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು 27ನೆಯ ಸೆಕ್ಷನ್ ಹೇಳುತ್ತದೆ. ಆಂತರಿಕ ಸಮಿತಿಯನ್ನೇ ರಚಿಸದ ಮಾಲಕನ ಮೇಲೆ ದೂರು ಕೊಡಲು ಅಧಿಕಾರ ಕೊಡಬೇಕಾದ ಆಂತರಿಕ ಸಮಿತಿ ಎಲ್ಲಿಂದ ಬರಬೇಕು? ಉಳಿಯುವುದು ಸ್ಥಳೀಯ ಸಮಿತಿ, ಅಥವಾ ಆಗಲೇ ಸೋತು ಸುಣ್ಣವಾಗಿರುವ ಹೆಣ್ಣುಮಗಳು. ದಾಖಲೆ ತರಿಸಿ ನೋಡುವ, ತಪಾಸಣೆ ನಡೆಸುವ ಅಧಿಕಾರವನ್ನು 25ನೆಯ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ. ಅದನ್ನು ಬಳಸಿ ಅಂಗಡಿಗೆ ಬಂದ ಅಧಿಕಾರಿಯನ್ನು ಕಂಡವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ, ನಾನಂತೂ ಕಂಡಿಲ್ಲ.

ನಿವೃತ್ತ ಗುಮಾಸ್ತ, ಕುಂಬಳೆ:
ವಕೀಲ ಮೇಡಂ ಹೇಳಿದ ಕೊನೆಯ ಮಾತಿಗೆ ಸರ್ಕಾರಿ ಕಚೇರಿಯ ಒಳಗಿನಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಸಮಿತಿ ಇತ್ತು. ಅದರ ಆದೇಶದ ಪ್ರತಿ ಕಬ್ಬಿಣದ ಕಪಾಟಿನ ಹಿಂದಿನ ಗೋಡೆಯಲ್ಲಿತ್ತು. ಕಪಾಟನ್ನು ಅಲ್ಲಿ ಇಟ್ಟದ್ದು ಜಾಗ ಸಾಲದೆ, ಯಾರ ದುರುದ್ದೇಶವೂ ಇರಲಿಲ್ಲ. ಆದರೆ ಆ ಹಾಳೆಯನ್ನು ಓದಬೇಕಾದರೆ ಕೆನ್ನೆಯನ್ನು ಗೋಡೆಗೆ ತಾಗಿಸಿ ಇಣುಕಬೇಕಾಗಿತ್ತು. ಅಧ್ಯಕ್ಷೆ ಎಂದಿದ್ದವರು ವರ್ಗವಾಗಿ ಹೋಗಿದ್ದರು. ಹೊರಗಿನ ಸದಸ್ಯೆಯನ್ನು ನಾವು ಯಾರೂ ನೋಡಿರಲಿಲ್ಲ.

ಪ್ರತಿ ವರ್ಷ ಮೇಲಿನಿಂದ ವರದಿ ಕೇಳಿ ಪತ್ರ ಬರುತ್ತಿತ್ತು: ಬಂದ ದೂರು ಎಷ್ಟು, ವಿಲೇವಾರಿ ಎಷ್ಟು, 90 ದಿನ ಮೀರಿ ಬಾಕಿ ಇರುವವು ಎಷ್ಟು, ನಡೆಸಿದ ತರಬೇತಿ ಎಷ್ಟು. ಹಿಂದಿನ ವರ್ಷದ ಕಡತ ತೆಗೆದು ಎಲ್ಲ ಕಲಮಿಗೂ 'ನಿಲ್' ಎಂದು ಬರೆದು, ಸಹಿ ಮಾಡಿಸಿ ಕಳುಹಿಸುವುದು ನನ್ನ ಕೆಲಸವಾಗಿತ್ತು. ನಿಲ್ ವರದಿಗೆ ಮರುಪ್ರಶ್ನೆ ಬಂದದ್ದೇ ಇಲ್ಲ. ಒಂದು ದೂರು ಎಂದು ಬರೆದಿದ್ದರೆ ಮಾತ್ರ ವಿವರಣೆ ಕೇಳಿ ಮೂರು ಪತ್ರ ಬರುತ್ತಿದ್ದವು. ದೂರು ಇಲ್ಲದ ಕಚೇರಿಯೇ ಒಳ್ಳೆಯ ಕಚೇರಿ ಎಂದು ಮೇಲಿನವರು ಎಣಿಸುವ ತನಕ ಕೆಳಗಿನವರು ನಿಲ್ ಎಂದೇ ಬರೆಯುತ್ತಾರೆ.

ಹೊಸದುರ್ಗದ ಹುಡುಗ:
ನಾನು ಹೇಳಿದ್ದೂ ಅದನ್ನೇ ಅಲ್ಲವೇ ಸಾರ್?

ನಿವೃತ್ತ ಗುಮಾಸ್ತ, ಕುಂಬಳೆ:
ಅಲ್ಲ ತಮ್ಮಾ. ಕಾಗದ ಬಂದರೆ ಕಚೇರಿ ಅಲುಗಾಡುತ್ತದೆ ಎಂದು ನಾನು ಹೇಳಿದ್ದು. ದೂರು ಬಾರದಿದ್ದರೆ ಮಾತ್ರ ನಿಲ್.

ಬದಿಯಡ್ಕದ ಮೇಷ್ಟ್ರು:
ಭಾಷೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಮತ್ತು ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅದರ ಮೇಲೆ ಸಂವಿಧಾನದ 350ನೆಯ ವಿಧಿ ಇದೆ: ಕುಂದುಕೊರತೆಯ ನಿವೇದನೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದ್ದರಿಂದ ಮಗು ಕನ್ನಡದಲ್ಲಿಯೇ ಬರೆಯಲಿ. ಕನ್ನಡ ದೂರನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೇಜಿನ ಆಚೆಗಿನವರು ಹೇಳಿದರೆ ಅದನ್ನೇ ಬರೆದು ಕೊಡಿ ಎಂದು ಕೇಳಿ. ಬರೆದು ಕೊಡುವುದಿಲ್ಲ, ದೂರನ್ನು ತೆಗೆದುಕೊಳ್ಳುತ್ತಾರೆ.

ಚಂದ್ರಗಿರಿ ಆಚೆಯವ:
ಮೇಷ್ಟ್ರೇ, ಹಕ್ಕಿನ ಮಾತು ಸರಿ. ಆದರೆ ವಾಸ್ತವದಲ್ಲಿ ಕನ್ನಡದ ಅರ್ಜಿ ಭಾಷಾಂತರಕ್ಕೆಂದು ಬೇರೊಂದು ಮೇಜಿಗೆ ಹೋಗಿ ಅಲ್ಲೇ ಕುಳಿತುಬಿಡುತ್ತದೆ. ಕನ್ನಡದ ಮೂಲ ಪ್ರತಿಯ ಜೊತೆಗೆ ಮಲಯಾಳದ ಅನುವಾದವನ್ನೂ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ. ಹುಡುಗಿಯ ಸಂಕಟವನ್ನು ಭಾಷಾ ಚಳವಳಿಯ ಹೆಗಲಿಗೆ ಏರಿಸುವುದು ನ್ಯಾಯವಲ್ಲ.

ಬದಿಯಡ್ಕದ ಮೇಷ್ಟ್ರು:
ನಾನು ಚಳವಳಿ ಮಾಡುತ್ತಿಲ್ಲ. ಅನುವಾದ ಮಾಡಿಸಬೇಕಾದದ್ದು ಕಚೇರಿಯ ಕೆಲಸ. ಅದನ್ನು ದೂರುಗಾರರು ಮಾಡುತ್ತಾ ಹೋದರೆ ಕನ್ನಡ ಬಲ್ಲ ಸಿಬ್ಬಂದಿ ಬೇಕೆಂಬ ಬೇಡಿಕೆಗೆ ಸರ್ಕಾರದಲ್ಲಿ ಆಧಾರವೇ ಉಳಿಯುವುದಿಲ್ಲ. ಇಂತಹ ದೂರಿನ ಒಕ್ಕಣೆಯನ್ನು ಅನುವಾದಿಸಲು ಯಾರ ಕೈಗೆ ಕೊಡುತ್ತೀರಿ? ಡಿಟಿಪಿ ಅಂಗಡಿಯವನ ಕೈಗೆ? ಅವನು ಆ ಮಾಲಕನಿಗೆ ಬಿಲ್ ಪುಸ್ತಕ ಮುದ್ರಿಸಿಕೊಡುವವನೇ ಆಗಿರುತ್ತಾನೆ. ಸಂಜೆಯೊಳಗೆ ಪೇಟೆಗೆಲ್ಲ ತಿಳಿಯುತ್ತದೆ.

ವಿದ್ಯಾನಗರದ ವಕೀಲೆ:
ಈ ಒಂದು ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ, ಅದಕ್ಕೆ ಬೇರೆ ಕಾರಣವೂ ಇದೆ. 2013ರ ನಿಯಮಗಳ ಪ್ರಕಾರ ಸಮಿತಿಯ ಮುಂದೆ ಎರಡೂ ಪಕ್ಷದವರು ವಕೀಲರನ್ನು ತರುವಂತಿಲ್ಲ. ಅವಳೇ ಕುಳಿತು, ಏನು ನಡೆಯಿತು, ಅವನು ಯಾವ ಮಾತು ಆಡಿದ, ಆ ಮಾತಿನ ಧ್ವನಿ ಏನಿತ್ತು ಎಂದು ಹೇಳಬೇಕು. ಪೇಟೆಯಲ್ಲಿ ದರ ಹೇಳಲು ಸಾಕಾಗುವ ಮಲಯಾಳ ಅಲ್ಲಿ ಸಾಕಾಗುವುದಿಲ್ಲ. ಸಮಿತಿಯಲ್ಲಿ ಕನ್ನಡ ಅಥವಾ ತುಳು ತಿಳಿದವರು ಯಾರೂ ಇಲ್ಲದಿದ್ದರೆ ಅವಳ ಮಾತು ಅರ್ಧದಷ್ಟೇ ದಾಖಲಾಗುತ್ತದೆ, ಮತ್ತು ಆ ಅರ್ಧವನ್ನು ಹಿಡಿದುಕೊಂಡೇ ತೀರ್ಮಾನ ಬರುತ್ತದೆ.

ಇದಕ್ಕೆ ಪರಿಹಾರ ಕಾಯ್ದೆಯ ಒಳಗೇ ಇದೆ. ಸ್ಥಳೀಯ ಸಮಿತಿಯ ಒಂದು ಸ್ಥಾನವನ್ನು ಜಿಲ್ಲೆಯ ಬ್ಲಾಕ್, ತಾಲೂಕು ಅಥವಾ ನಗರಸಭೆಯ ವ್ಯಾಪ್ತಿಯಲ್ಲಿ ದುಡಿಯುವ ಮಹಿಳೆಯೊಬ್ಬರಿಗೆ ಮೀಸಲಿಟ್ಟಿದ್ದಾರೆ. ಅವಧಿ ಹೆಚ್ಚೆಂದರೆ ಮೂರು ವರ್ಷ. ಮಂಜೇಶ್ವರ ಅಥವಾ ಕಾಸರಗೋಡು ತಾಲೂಕಿನ ಕನ್ನಡ ಬಲ್ಲ ಮಹಿಳೆಯನ್ನು ಆ ಸ್ಥಾನಕ್ಕೆ ನೇಮಿಸಿ ಎಂದು ನಮ್ಮ ಸಂಘಟನೆಗಳು ಕಲೆಕ್ಟರಿಗೆ ಮನವಿ ಕೊಡಬಹುದು. ಶಾಲೆ, ನಾಮಫಲಕ, ಪಿಎಸ್‌ಸಿ ಪರೀಕ್ಷೆ ಎಂದು ಎಷ್ಟೋ ಮನವಿ ಕೊಟ್ಟವರಿಗೆ ಇದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಮನವಿ ಕೊಡುವವರೆಲ್ಲ ಗಂಡಸರು ಎಂಬುದು ಒಂದು ಕಾರಣವಿರಬಹುದು.

ಪೈವಳಿಕೆಯ ಅಕ್ಕ:
ಕೊನೆಯ ವಾಕ್ಯಕ್ಕೆ ನನ್ನ ಸಹಿಯೂ ಇರಲಿ. ಅಂಗಡಿಯ ಮಾತು ಆಯಿತು, ನಮ್ಮಂಥವರ ಕಥೆ ಕೇಳಿ. ನಾನು ಬೀಡಿ ಕಟ್ಟುವವಳು. ಎಲೆ, ಹೊಗೆಸೊಪ್ಪು ತಂದು ಮನೆಯಲ್ಲಿ ಕಟ್ಟಿ ವಾರಕ್ಕೆ ಇಷ್ಟು ದಿನ ಎಂದು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುತ್ತೇವೆ. ಅಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಇದು ಸಡಿಲ, ಇದರ ಮೂತಿ ಸರಿಯಿಲ್ಲ ಎಂದು ಬದಿಗೆ ಹಾಕಿದರೆ ನಮ್ಮ ಆ ದಿನದ ದುಡಿಮೆ ಹೋಯಿತು. ಒಂದು ಕಡೆ ಹಿಂದೆ ಇದ್ದ ಚೆಕ್ಕರ್, ನಕ್ಕು ಮಾತನಾಡಿದವಳ ಕಟ್ಟನ್ನು ಬಿಚ್ಚುತ್ತಲೇ ಇರಲಿಲ್ಲ, ಮುಖ ತಿರುಗಿಸಿದವಳ ಕಟ್ಟಿನಲ್ಲಿ ಬೀಡಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನು ಯಾರನ್ನೂ ಮುಟ್ಟಲಿಲ್ಲ. ಇದಕ್ಕೆ ಕಾನೂನಿನಲ್ಲಿ ಹೆಸರಿದೆಯೇ? ನಮ್ಮ ಮನೆ ಕೆಲಸದ ಸ್ಥಳವೋ, ಬ್ರಾಂಚ್ ಕೆಲಸದ ಸ್ಥಳವೋ?

ವಿದ್ಯಾನಗರದ ವಕೀಲೆ:
ಇದೆ ಅಕ್ಕ. ಅನುಕೂಲ ಮಾಡಿಕೊಡುವ ಆಸೆ ತೋರಿಸುವುದು ಅಥವಾ ತೊಂದರೆ ಕೊಡುವ ಬೆದರಿಕೆ ಹಾಕುವುದು, ಬಾಯಿಬಿಟ್ಟು ಹೇಳಿದರೂ ಹೇಳದೆ ಸೂಚಿಸಿದರೂ, ಲೈಂಗಿಕ ನಡವಳಿಕೆಯ ಜೊತೆ ಸೇರಿದಾಗ ಕಿರುಕುಳವಾಗುತ್ತದೆ ಎಂದು 3ನೆಯ ಸೆಕ್ಷನ್ ಹೇಳುತ್ತದೆ. ಮುಟ್ಟಿರಬೇಕೆಂದಿಲ್ಲ. ಕಂತ್ರಾಟುದಾರನ ಮೂಲಕ ದುಡಿಯುವವರು, ದಿನಗೂಲಿಯವರು, ತಾತ್ಕಾಲಿಕದವರು ಎಲ್ಲರೂ ಉದ್ಯೋಗಿ ಎಂಬ ವ್ಯಾಖ್ಯೆಯೊಳಗೆ ಬರುತ್ತಾರೆ. ಕೆಲಸದ ಸಂಬಂಧವಾಗಿ ಹೋಗುವ ಜಾಗವೆಲ್ಲ ಕೆಲಸದ ಸ್ಥಳವೇ. ಅಡಿಕೆ ಸುಲಿಯಲು ಹೋಗುವ ಅಂಗಳ, ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ಸಂಗ್ರಹಿಸಲು ಹತ್ತುವ ಮನೆಯ ಜಗಲಿ, ಇವನ್ನೂ ನಾನು ಅದರೊಳಗೇ ಸೇರಿಸಿ ವಾದಿಸುತ್ತೇನೆ. ಮನೆಗೆಲಸದವರ ವಿಷಯದಲ್ಲಿ ಮಾತ್ರ ವಿಧಾನ ಸ್ವಲ್ಪ ಬೇರೆ: ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡರೆ ಸ್ಥಳೀಯ ಸಮಿತಿ ಆ ದೂರನ್ನು 7 ದಿನಗಳೊಳಗೆ ಪೊಲೀಸರಿಗೆ ಕಳುಹಿಸಬೇಕು.

ದಿನವೂ ತಲಪಾಡಿ ದಾಟುವವಳು:
ನನ್ನದು ಗಡಿಯ ಸಮಸ್ಯೆ. ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ. ನಮ್ಮ ಬೋಗಿಯಲ್ಲಿ ಬರುವ ಒಬ್ಬಳಿಗೆ ಕೆಲಸದ ಕಡೆ ತೊಂದರೆಯಾದಾಗ ಇಲ್ಲಿಯ ಠಾಣೆಯವರು ಅದು ಕರ್ನಾಟಕದ್ದು ಎಂದರು, ಅಲ್ಲಿಯವರು ನೀವು ಕೇರಳದವರಲ್ಲವೇ ಎಂದು ಕೇಳಿದರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ಅವಳ ಪಾಡು. ಕೊನೆಗೆ ಕೆಲಸ ಬಿಟ್ಟಳು.

ವಿದ್ಯಾನಗರದ ವಕೀಲೆ:
ಎರಡೂ ಕಡೆಯವರು ಕೈತೊಳೆದುಕೊಂಡದ್ದು ತಪ್ಪು. ಸಮಿತಿಯ ದೂರು ಕೆಲಸದ ಸ್ಥಳ ಎಲ್ಲಿದೆಯೋ ಅಲ್ಲಿಗೆ, ಅಂದರೆ ಆ ಸಂಸ್ಥೆಯ ಆಂತರಿಕ ಸಮಿತಿಗೆ ಅಥವಾ ದಕ್ಷಿಣ ಕನ್ನಡ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅವಳ ಮನೆ ಯಾವ ರಾಜ್ಯದಲ್ಲಿದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಪೊಲೀಸ್ ದೂರಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ನಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ಅವರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಲೈಂಗಿಕ ಕಿರುಕುಳ ಭಾರತೀಯ ನ್ಯಾಯ ಸಂಹಿತೆಯ 75ನೆಯ ಸೆಕ್ಷನ್, ಮಾನಭಂಗದ ಉದ್ದೇಶದ ಹಲ್ಲೆ 74. ಸಮಿತಿಗೆ ದೂರು ಕೊಟ್ಟವರು ಪೊಲೀಸರಲ್ಲಿಗೆ ಹೋಗಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ, ಎರಡನ್ನೂ ಏಕಕಾಲದಲ್ಲಿ ನಡೆಸಬಹುದು.

ಹೊಸೂರಿನಿಂದ ಗೌಡ:
ನಾವು ತಮಿಳುನಾಡಿನ ಗಡಿಯವರು. ಇಲ್ಲಿ ಕಾರ್ಖಾನೆಗಳು ದೊಡ್ಡವು, ಸಮಿತಿಗಳು ಇವೆ, ಫಲಕಗಳೂ ಇವೆ. ಆದರೆ ಹೆಣ್ಣುಮಕ್ಕಳು ಏಜೆನ್ಸಿಯ ಮೂಲಕ ಬಂದವರು. ತೊಂದರೆ ಹೇಳಿಕೊಂಡರೆ ಕಂಪನಿಯವರು ನಿಮ್ಮ ಏಜೆನ್ಸಿಗೆ ಹೇಳಿ ಎನ್ನುತ್ತಾರೆ, ಏಜೆನ್ಸಿಯವನು ಮರುದಿನದಿಂದ ಅವಳ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತಾನೆ. ಮೇಡಂ ಹೇಳಿದ ವ್ಯಾಖ್ಯೆಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚು ಹಾಕಿಸಿ ಕಾರ್ಖಾನೆಯ ಬಸ್ಸುಗಳಲ್ಲಿ ಅಂಟಿಸಬೇಕು ಎನಿಸಿತು.

ಚಂದ್ರಗಿರಿ ಆಚೆಯವ:
ಸರ್ಕಾರ ಮನಸ್ಸು ಮಾಡಿದರೆ ಜಾರಿ ಸಾಧ್ಯ ಎಂಬುದಕ್ಕೆ ಕೂರುವ ಹಕ್ಕು ಉದಾಹರಣೆ. ಕೋಝಿಕ್ಕೋಡಿನಲ್ಲಿ ಜವಳಿ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ್ದರಿಂದ ಕೇರಳ 2018ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದವರಿಗೆ ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು.

ಪೈವಳಿಕೆಯ ಅಕ್ಕ:
ಸ್ಟೂಲು ಬಂತು, ಸತ್ಯ. ನನ್ನ ನಾದಿನಿ ಕೆಲಸ ಮಾಡುವ ಅಂಗಡಿಯಲ್ಲಿ ಅದರ ಮೇಲೆ ಸೀರೆಯ ಡಬ್ಬಗಳನ್ನು ಪೇರಿಸಿಟ್ಟಿದ್ದಾರೆ. ಲೇಬರ್ ಆಫೀಸಿನವರು ಬರುತ್ತಾರೆ ಎಂಬ ಸುದ್ದಿ ಬಂದ ದಿನ ಮಾತ್ರ ಡಬ್ಬಗಳು ಇಳಿಯುತ್ತವೆ.

ಉಪ್ಪಳದ ವ್ಯಾಪಾರಿ:
ನಮ್ಮಲ್ಲಿ ಎಲ್ಲರೂ ಕೂರುತ್ತಾರೆ. ಎಲ್ಲ ವ್ಯಾಪಾರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನನ್ನ ಪ್ರಶ್ನೆ ಬೇರೆ. ಪಂಚಾಯತಿನವರು ಲೈಸೆನ್ಸಿಗೆ ಬರುತ್ತಾರೆ, ಅಳತೆ ಮತ್ತು ತೂಕದವರು ಬರುತ್ತಾರೆ, ಜಿಎಸ್‌ಟಿಯವರು ಕೇಳುತ್ತಾರೆ. ಈ ಕಾನೂನಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಒಬ್ಬರೂ ಬಂದು ಒಂದು ಕಾಗದ ಕೊಟ್ಟವರಿಲ್ಲ. ನಮಗೆ ಗೊತ್ತಿಲ್ಲದ ಕಾನೂನನ್ನು ನಾವು ಮುರಿದೆವು ಎನ್ನುವುದು ಎಷ್ಟು ಸರಿ?

ನಿವೃತ್ತ ಗುಮಾಸ್ತ, ಕುಂಬಳೆ:
ಹೆಣ್ಣುಮಕ್ಕಳಿಗೆ ಕಿರುಕುಳ ಕೊಡಬಾರದು ಎಂದು ತಿಳಿಯಲು ಇಲಾಖೆಯ ಕಾಗದ ಬೇಕಾಗಿಲ್ಲ. ಆದರೆ ತಪಾಸಣೆ ಇಲ್ಲ ಎಂಬ ನಿಮ್ಮ ಮಾತು ಅಕ್ಷರಶಃ ಸತ್ಯ. ತೂಕದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಹಾಕುವ ಸರ್ಕಾರಕ್ಕೆ ಲೈಸೆನ್ಸ್ ನವೀಕರಣದ ಅರ್ಜಿಯಲ್ಲಿ ಇದಕ್ಕೊಂದು ಕಲಮು ಸೇರಿಸುವುದು ಕಷ್ಟವಲ್ಲ.

ವಿದ್ಯಾನಗರದ ವಕೀಲೆ:
ಸುಪ್ರೀಂ ಕೋರ್ಟ್ ಇದನ್ನು ಹೇಳಿ ಹೇಳಿ ಸಾಕಾಗಿದೆ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆದ ಹಿನ್ನೆಲೆಯಲ್ಲಿ 1997ರಲ್ಲಿ ಕೆಲಸದ ಸ್ಥಳದ ಕಿರುಕುಳ ತಡೆಗೆ ಮಾರ್ಗಸೂಚಿ ಕೊಟ್ಟ ವಿಶಾಖಾ ತೀರ್ಪು ಬಂತು. ಅದನ್ನು ಕಾಯ್ದೆಯಾಗಿಸಲು ಸಂಸತ್ತಿಗೆ 2013ರ ತನಕ ಬೇಕಾಯಿತು. 2023ರ ಮೇ ತಿಂಗಳಲ್ಲಿ ಗೋವಾದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಜಾರಿಯ ಲೋಪಗಳನ್ನು ಕಟುವಾಗಿ ಎತ್ತಿ ತೋರಿಸಿತು. ಅದೇ ಪ್ರಕರಣದಲ್ಲಿ 2024ರ ಡಿಸೆಂಬರ್ 3ರಂದು, ಆ ತಿಂಗಳ ಕೊನೆಯೊಳಗೆ ಪ್ರತಿ ಜಿಲ್ಲೆಗೂ ಜಿಲ್ಲಾ ಅಧಿಕಾರಿಯನ್ನು ನೇಮಿಸಬೇಕು, 2025ರ ಜನವರಿ 31ರೊಳಗೆ ಸ್ಥಳೀಯ ಸಮಿತಿ ರಚಿಸಬೇಕು, ಯಾವ ಯಾವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇದೆ ಎಂದು ಸಮೀಕ್ಷೆ ಮಾಡಬೇಕು ಎಂದು ಆದೇಶಿಸಿತು. ಜಾರಿಗೆ ಬಂದು ಹನ್ನೊಂದು ವರ್ಷ ತುಂಬುತ್ತಿದ್ದ ಕಾಯ್ದೆಗೆ ಅಧಿಕಾರಿಯನ್ನು ನೇಮಿಸಿ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ದಿನಾಂಕ ಗೊತ್ತುಮಾಡಬೇಕಾಯಿತು.

ಕೇರಳವನ್ನು ಹೊಗಳುವವರು ಸಿನಿಮಾ ರಂಗದ ಕಡೆಯೂ ನೋಡಲಿ. ಮಲಯಾಳ ಸಿನಿಮಾದಲ್ಲಿ ದುಡಿಯುವ ಮಹಿಳೆಯರ ಸ್ಥಿತಿ ತಿಳಿಯಲು 2017ರಲ್ಲಿ ನೇಮಕವಾದ ಹೇಮಾ ಸಮಿತಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಜನರ ಕೈಗೆ ಅದು ಬಂದದ್ದು 2024ರ ಆಗಸ್ಟ್ 19ರಂದು, ಅದೂ ಕೆಲವು ಭಾಗಗಳನ್ನು ಬಿಟ್ಟು. ನಡುವೆ 2022ರಲ್ಲಿ ಚಿತ್ರ ನಿರ್ಮಾಣ ಘಟಕಗಳಲ್ಲಿಯೂ ಆಂತರಿಕ ಸಮಿತಿ ಇರಲೇಬೇಕೆಂದು ಹೈಕೋರ್ಟ್ ಹೇಳಬೇಕಾಯಿತು. ಹೆಸರು, ಹಣ ಎರಡೂ ಇರುವ ನಟಿಯರೇ ಇಷ್ಟು ಕಾದಿರುವಾಗ ಜವಳಿ ಅಂಗಡಿಯ ಹುಡುಗಿಗೆ ಯಾರಿದ್ದಾರೆ ಎಂದು ಕೇಳುವವರನ್ನು ನಾನು ದೂರುವುದಿಲ್ಲ.

ಬದಿಯಡ್ಕದ ಮೇಷ್ಟ್ರು:
ಕಿರುಕುಳಕ್ಕಾದರೂ ಒಂದು ಸಮಿತಿ ಇದೆ, ತಾರತಮ್ಯಕ್ಕೆ ಏನಿದೆ? ನಮ್ಮ ಕಡೆಯ ಅನುದಾನರಹಿತ ಶಾಲೆಯೊಂದರಲ್ಲಿ ಗರ್ಭಿಣಿ ಶಿಕ್ಷಕಿಗೆ, ಹೆರಿಗೆಯ ನಂತರ ಜಾಗವಿದ್ದರೆ ನೋಡೋಣ ಎಂದು ಹೇಳಿ ಕಳುಹಿಸಿದ್ದನ್ನು ನಾನು ಬಲ್ಲೆ. 2020ರಲ್ಲಿ ಕೇರಳ ಖಾಸಗಿ ಶಾಲೆಗಳ ಸಿಬ್ಬಂದಿಯನ್ನೂ ಆಗಿನ ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಪ್ತಿಗೆ ತಂದಿತು, 26 ವಾರಗಳ ಸಂಬಳಸಹಿತ ರಜೆ ಅವಳ ಹಕ್ಕು. ಆ ಶಿಕ್ಷಕಿಗೆ ಅದನ್ನು ಹೇಳುವವರೇ ಇರಲಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮನೆಗಳಿಂದ ಕೆಲಸ ಕೇಳಿಕೊಂಡು ಬರುವ ಅಂಗವಿಕಲ ಮಕ್ಕಳನ್ನು ಬಾಗಿಲಿನಿಂದಲೇ ಕಳುಹಿಸುವುದೂ ನಡೆಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಸಮಾನ ಅವಕಾಶದ ನೀತಿ ಪ್ರಕಟಿಸಬೇಕೆಂದು ಇದೆಯಂತೆ.

ವಿದ್ಯಾನಗರದ ವಕೀಲೆ:
ಇದೆ, 21ನೆಯ ಸೆಕ್ಷನ್. ಆದರೆ ಜಾತಿ, ಧರ್ಮ, ಭಾಷೆಯ ಆಧಾರದಲ್ಲಿ ಖಾಸಗಿ ಮಾಲಕ ಕೆಲಸ ನಿರಾಕರಿಸಿದರೆ ನೇರವಾಗಿ ಹಿಡಿಯುವ ಸಮಗ್ರ ಕಾನೂನು ನಮ್ಮ ದೇಶದಲ್ಲಿಲ್ಲ. ಸಂವಿಧಾನದ 16ನೆಯ ವಿಧಿ ಇರುವುದು ಸರ್ಕಾರಿ ಉದ್ಯೋಗಕ್ಕೆ. ಹೆರಿಗೆ ರಜೆಯ ವಿಷಯಕ್ಕೆ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಬರೆಯಿಸಿ ಮೇಷ್ಟ್ರೇ.

ನಿರ್ವಾಹಕರು:
ಎಲ್ಲರಲ್ಲೂ ವಿನಂತಿ: ಅಂಗಡಿ, ಊರು, ವ್ಯಕ್ತಿ ಯಾವುದನ್ನೂ ಗುರುತಿಸುವ ವಿವರ ಹಾಕಬೇಡಿ. ದೂರಿನ ಒಕ್ಕಣೆ, ದೂರುಗಾರಳ ಗುರುತು, ವಿಚಾರಣೆಯ ವಿವರಗಳನ್ನು ಪ್ರಕಟಿಸುವುದನ್ನು ಕಾಯ್ದೆಯ 16ನೆಯ ಸೆಕ್ಷನ್ ನಿಷೇಧಿಸುತ್ತದೆ. ಅಂಗಡಿಯ ಹೆಸರು ಊಹಿಸಿ ಬರೆದಿದ್ದ ಎರಡು ಪ್ರತಿಕ್ರಿಯೆಗಳನ್ನು ಅಳಿಸಿದ್ದೇವೆ.

ಮುಳ್ಳೇರಿಯದ ಮಾವ:
ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಅವಳೊಂದಿಗೆ ಕುಳಿತು ಇದನ್ನೆಲ್ಲ ಓದಿದೆ. ದೂರು ಕೊಡುತ್ತೇನೆ ಎನ್ನುತ್ತಾಳೆ, ಅವಳ ಅಮ್ಮನಿಗೆ ಮಾತ್ರ ಇನ್ನೂ ಒಪ್ಪಿಗೆಯಿಲ್ಲ. ನಾನೇ ಅವಳ ಪರವಾಗಿ ಬರೆದು ಕೊಡಬಹುದೇ? ವಿಚಾರಣೆ ಮುಗಿಯುವ ತನಕ ಅದೇ ಮೆಟ್ಟಿಲು ಹತ್ತಬೇಕೇ? ಅಂಗಡಿಯಲ್ಲಿ ಕ್ಯಾಮೆರಾ ಇದೆ, ಅದರ ದೃಶ್ಯ ಸಿಗಬಹುದೇ?

ವಿದ್ಯಾನಗರದ ವಕೀಲೆ:
ಅವಳಿಗೆ ಬರೆಯಲು ಸಾಧ್ಯವಿರುವುದರಿಂದ ಅವಳೇ ಬರೆದು ಸಹಿ ಹಾಕುವುದು ಗಟ್ಟಿ. ಯಾವ ಕಾರಣಕ್ಕಾದರೂ ಆಗದಿದ್ದರೆ, ಘಟನೆಯ ಅರಿವಿರುವ ಯಾರೂ ಅವಳ ಲಿಖಿತ ಒಪ್ಪಿಗೆ ಪಡೆದು ಕೊಡಬಹುದು ಎಂದು ನಿಯಮದಲ್ಲಿದೆ. ದೂರಿನ ಆರು ಪ್ರತಿಗಳು ಬೇಕು, ಜೊತೆಗೆ ಸಂದೇಶಗಳ ಪ್ರತಿ ಮತ್ತು ಸಾಕ್ಷಿಗಳ ಹೆಸರು, ವಿಳಾಸ. ಮೂಲ ಸಂದೇಶಗಳು ಫೋನಿನಲ್ಲೇ ಇರಲಿ, ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ಕ್ಯಾಮೆರಾದ ಹಳೆಯ ದೃಶ್ಯಗಳ ಮೇಲೆ ಹೊಸವು ಬಂದು ಕೂರುತ್ತವೆ. ಆದ್ದರಿಂದ ದಿನಾಂಕ ಹೇಳಿ ಆ ದೃಶ್ಯಗಳನ್ನು ಉಳಿಸಿಡಲು ಮಾಲಕನಿಗೆ ಸೂಚಿಸಬೇಕೆಂದು ದೂರಿನಲ್ಲೇ ಕೋರಿಕೊಳ್ಳಿ.

ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಅಲ್ಲಿಯ ತನಕ ಅವಳ ಲಿಖಿತ ಕೋರಿಕೆಯ ಮೇಲೆ, ಅವಳನ್ನಾಗಲಿ ಅವನನ್ನಾಗಲಿ ಬೇರೆಡೆಗೆ ಹಾಕಲು ಅಥವಾ ಅವಳಿಗೆ ಮೂರು ತಿಂಗಳ ತನಕ ಹೆಚ್ಚುವರಿ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು, ಮಾಲಕ ಅದನ್ನು ಪಾಲಿಸಬೇಕು. ನೆನಪಿಡಿ, ಸ್ಥಳ ಬದಲಾವಣೆ ಅವಳು ಕೇಳಿದರೆ ಮಾತ್ರ. ಮಾಲಕ ತಾನಾಗಿಯೇ ಅವಳನ್ನು ಮೇಲಿನ ಕೋಣೆಗೆ ತಳ್ಳಿದ್ದನ್ನು ದೂರಿನಲ್ಲಿ ಬೇರೆ ಪ್ಯಾರಾ ಮಾಡಿ ಬರೆಯಿರಿ. ರಾಜಿ ಮಾಡಿಸುತ್ತೇವೆ ಎಂದು ಯಾರಾದರೂ ಬಂದರೆ, ಅವಳು ಬಯಸದೆ ರಾಜಿ ಮಾಡಿಸುವಂತಿಲ್ಲ, ಹಣವನ್ನು ರಾಜಿಯ ಆಧಾರ ಮಾಡುವಂತೆಯೂ ಇಲ್ಲ. ಸಮಿತಿಯ ಹೊರಗೆ ವಕೀಲರ ಸಲಹೆ ಬೇಕಾದರೆ ಖರ್ಚಿಗೆ ಹೆದರಬೇಡಿ: ವರಮಾನ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ದೂರವಾಣಿ 15100. ತುರ್ತು ಮಾತಿಗೆ ಮಹಿಳಾ ಸಹಾಯವಾಣಿ 181 ಇದೆ.

ಪೈವಳಿಕೆಯ ಅಕ್ಕ:
ಮಾವನವರೇ, ಅಮ್ಮನ ಹತ್ತಿರ ನಾನು ಮಾತನಾಡಬಹುದಾದರೆ ಖಾಸಗಿ ಸಂದೇಶದಲ್ಲಿ ತಿಳಿಸಿ. ಹುಡುಗಿಗೆ ಮದುವೆಯಾಗಬೇಕಲ್ಲ ಎಂದು ಅವರು ಹೇಳುತ್ತಿರಬಹುದು, ನನ್ನ ಅಮ್ಮನೂ ಹಾಗೆಯೇ ಹೇಳಿದ್ದರು.

ಉಪ್ಪಳದ ವ್ಯಾಪಾರಿ:
ಆ ಶಿಕ್ಷೆಯ ವಿವರದ ಫಲಕ ಕನ್ನಡದಲ್ಲಿ ಅಚ್ಚಾದದ್ದು ಎಲ್ಲಿ ಸಿಗುತ್ತದೆ? ಮಲಯಾಳದ್ದು ಮಾತ್ರ ಹಾಕಿದರೆ ನಮ್ಮಲ್ಲಿ ಇಬ್ಬರಿಗೆ ಓದಲು ಬರುವುದಿಲ್ಲ.

ಬದಿಯಡ್ಕದ ಮೇಷ್ಟ್ರು:
ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಗೆ ಕನ್ನಡದಲ್ಲಿಯೇ ಒಂದು ಪತ್ರ ಬರೆದು ಕೇಳಿ. ನಾನು ನಾಲ್ಕೂ ತಾಲೂಕುಗಳ ನೋಡಲ್ ಅಧಿಕಾರಿಗಳು ಯಾರು, ಸ್ಥಳೀಯ ಸಮಿತಿಯಲ್ಲಿ ಕನ್ನಡ ಬಲ್ಲವರು ಎಷ್ಟು ಮಂದಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇನೆ. ಹತ್ತು ರೂಪಾಯಿಯ ಖರ್ಚು, 30 ದಿನಗಳಲ್ಲಿ ಉತ್ತರ ಕೊಡಬೇಕು. ಬಂದ ಕೂಡಲೇ ಇಲ್ಲಿಯೇ ಹಾಕುತ್ತೇನೆ.

ನಿವೃತ್ತ ಗುಮಾಸ್ತ, ಕುಂಬಳೆ:
ಮಾವನವರೇ, ಸಿವಿಲ್ ಸ್ಟೇಷನ್ನಿನಲ್ಲಿ (ಜಿಲ್ಲಾ ಕಚೇರಿಗಳಿರುವ ಕಟ್ಟಡದಲ್ಲಿ) ದೂರು ಕೊಡುವಾಗ ಏಳನೆಯದೊಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಅದರ ಮೇಲೆ ಮೊಹರು, ದಿನಾಂಕ, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ಮೊಹರಿನ ಪೆಟ್ಟಿಗೆ ಬೀಗ ಹಾಕಿದೆ, ನಾಳೆ ಬನ್ನಿ ಎಂದರೆ ಆರು ಪ್ರತಿಗಳನ್ನೂ ವಾಪಸ್ ತೆಗೆದುಕೊಂಡು, ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ಹೋಗಿ ತಲುಪಿದ ದಾಖಲೆ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ.